ಒಂದೇ ಖಾನೆಯ ಎರಡು ಕಾರ್ಡು

"ಪಾಸ್‌ಪೋರ್ಟ್?"

ಕೌಂಟರಿನ ಹುಡುಗಿ ತಲೆಯೆತ್ತದೆ ಕೈ ಚಾಚಿದಳು. ಅಕ್ಕ ಕೈಚೀಲದ ಜಿಪ್ಪು ಎಳೆದು ನೀಲಿ ಪೌಚನ್ನು ತೆಗೆದಳು. ಪೌಚು ಹಗುರವಾಗಿತ್ತು. ಬಿಚ್ಚಿ ನೋಡಿದರೆ, ಒಳಗೆ ಏನೂ ಇರಲಿಲ್ಲ!

ಚೀಲದಲ್ಲಿ ಕೈಯಾಡಿಸಿದಳು. ಬಾಚಣಿಗೆ, ಟಿಕೆಟ್ಟಿನ ಕಾಗದ, ತಲೆನೋವಿನ ಮಾತ್ರೆ, ತಮ್ಮನ ಒಂದು ಫೋಟೊ. ಪಾಸ್‌ಪೋರ್ಟ್ ಇಲ್ಲ.

"ಪಾಸ್‌ಪೋರ್ಟ್ ಇಲ್ದಿದ್ರೆ ವಾಸದ ಕಾರ್ಡು ಕೊಡಿ ಮೇಡಂ, ಅದೂ ಆಗುತ್ತೆ" ಎಂದಳು ಹುಡುಗಿ.

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಹೊರದೇಶದಿಂದ ಬಂದು ಇಲ್ಲಿ ಕೆಲಸ ಮಾಡುವವರಿಗೆ ಸರ್ಕಾರ ಕೊಡುವ ಕಾರ್ಡು ಅದು. ಪರ್ಸಿನ ಎಡಗಡೆ ಖಾನೆಯಲ್ಲಿ ಅದರ ಅಂಚು ಕಾಣುತ್ತಲೇ ಇತ್ತು. ಸರಕ್ಕನೆ ಎಳೆದಳು. ಕೈಗೆ ಬಂದದ್ದು ಡ್ರೈವಿಂಗ್ ಲೈಸೆನ್ಸ್. ಅದರ ಬೆನ್ನಿಗೆ ಅಂಟಿಕೊಂಡಿರುತ್ತಿದ್ದ ವಾಸದ ಕಾರ್ಡು ಮಾಯವಾಗಿತ್ತು.

"ಲೈಸೆನ್ಸ್ ಇದೆ. ಇದೇ ದೇಶದ್ದು. ಫೋಟೊ ಇದೆ, ಹೆಸರಿದೆ."

"ವಿದೇಶದವರಿಗೆ ಇದು ನಡೆಯಲ್ಲ ಮೇಡಂ."

"ಯಾಕೆ ನಡೆಯಲ್ಲ?" ಅವಳನ್ನು ಕರೆದೊಯ್ಯಲು ಬಂದಿದ್ದ ಮೇಸ್ತ್ರಿ ಹಿಂದಿನಿಂದ ಗುಡುಗಿದ. "ಮೊನ್ನೆ ನಾನು ಬಂದಿದ್ದೇ ಲೈಸೆನ್ಸ್ ತೋರಿಸಿ! ವಿಮಾನ ಎಲ್ರಿಗೂ ಒಂದೇ ತಾನೆ? ಇವರಿಗೇನು ರೆಕ್ಕೆ ಬೇರೆ ಹಚ್ತೀರಾ?"

"ನೀವು ಈ ದೇಶದವರು ಸಾರ್. ಇವರು ಅಲ್ಲ."

ಮೇಸ್ತ್ರಿ ಬೈದ. ಮೇಲ್ವಿಚಾರಕ ಬಂದ, ಅವನಿಗೂ ಬೈದ. ಪಕ್ಕದ ಸಾಲಿನವರೆಲ್ಲ ಪುಕ್ಕಟೆ ತಮಾಷೆ ನೋಡಿದರು. ಲೈಸೆನ್ಸ್ ಮಾತ್ರ ನಡೆಯಲಿಲ್ಲ. ಚಿಕ್ಕಪ್ಪ ಅಕ್ಕನ ತೋಳು ಹಿಡಿದು, "ಪಾಸ್‌ಪೋರ್ಟ್ ಒಂದು ಹೋದ್ಮೇಲೆ ಮುಗೀತಲ್ಲಮ್ಮ. ಆ ಕಾರ್ಡು ಗೀರ್ಡು ಅಂತ ಏನು ಹುಡುಕ್ತಿದ್ದೀಯ?" ಎಂದರು. ಸಾಮಾನಿನ ಗಾಡಿ ಹಿಡಿದು ನಿಂತಿದ್ದ ತಮ್ಮನ ಗೆಳೆಯ ಕಡ್ಡಿ ಗಾಡಿಯನ್ನು ಪಕ್ಕಕ್ಕೆ ಸರಿಸಿದ.

ಅವಳು ಹತ್ತಬೇಕಾಗಿದ್ದ ವಿಮಾನ ಅವಳಿಲ್ಲದೆ ಹೊರಟಿತು.

ಅವಳನ್ನು ಅಕ್ಕ ಎಂದೇ ಕರೆಯೋಣ. ಆಸ್ಪತ್ರೆಯಲ್ಲಿ ಅವಳು ಸಿಸ್ಟರ್, ರೋಗಿಗಳಿಗೆ ಮೇಡಂ. ಆದರೆ ಅವಳನ್ನು ಅಕ್ಕ ಎಂದು ಕರೆಯುತ್ತಿದ್ದವನೊಬ್ಬನಿದ್ದ. ಅವನ ಸಲುವಾಗಿಯೇ ಅವಳು ಇವತ್ತು ಈ ಸಾಲಿನಲ್ಲಿ ನಿಂತದ್ದು. ತಮ್ಮ ಇದೇ ದೇಶದ ಇನ್ನೊಂದು ತುದಿಯ ಬಂದರಿನಲ್ಲಿ, ಹಡಗು ರಿಪೇರಿ ಯಾರ್ಡಿನಲ್ಲಿ ವೆಲ್ಡರ್ ಆಗಿದ್ದ. ಹಡಗಿನ ಎಣ್ಣೆಯ ಟ್ಯಾಂಕಿನೊಳಗೆ ಬೆಂಕಿ ಹತ್ತಿ ಸತ್ತ. ಹೇಳದೆ ಕೇಳದೆ ಒಬ್ಬನೇ ಒಳಗಿಳಿದ, ತಪ್ಪೆಲ್ಲ ಅವನದೇ ಎಂದು ಕಂಪನಿ ಬರೆದುಕೊಟ್ಟಿತ್ತು. ನಾಳೆ ಬೆಳಿಗ್ಗೆ ವಿಚಾರಣೆ. ಸತ್ತವನ ಕಡೆಯವರು ಖುದ್ದಾಗಿ ನಿಂತು ಆಕ್ಷೇಪ ಹೇಳಿದರೆ ಸಾಕ್ಷಿಗಳನ್ನು ಎದುರಿಗೆ ಕೂರಿಸಿ ಕೇಳುತ್ತಾರೆ. ಯಾರೂ ಬರದಿದ್ದರೆ ಕಂಪನಿಯ ಮಾತೇ ನಿಜವಾಗುತ್ತದೆ, ಕಡತ ಮುಚ್ಚುತ್ತದೆ. ಒಲೆ ಹಚ್ಚುವಾಗಲೂ ಕಿಟಕಿ ತೆಗೆದು ಹಚ್ಚುತ್ತಿದ್ದ ಹುಡುಗ ಅವನು. ಅವನ ತಲೆಗೆ ಬೇಜವಾಬ್ದಾರಿ ಎಂಬ ಹಣೆಪಟ್ಟಿ ಕಟ್ಟಿ ಕಳಿಸುವುದನ್ನು ಅಕ್ಕ ಹೇಗೆ ಸಹಿಸಿಯಾಳು?

ಸಂಜೆಗೆ ಇನ್ನೊಂದು ವಿಮಾನವಿತ್ತು. ಅದೇ ಕೊನೆಯದು. ರೈಲು ಹಿಡಿದರೆ ವಿಚಾರಣೆ ಮುಗಿದ ಮೇಲೆ ತಲುಪುವುದು.

ವಿಮಾನ ನಿಲ್ದಾಣದ ಪೊಲೀಸ್ ಠಾಣೆ ಎಂದರೆ ಎಸ್ಕಲೇಟರಿನ ಕೆಳಗಿನ ಒಂದು ಮೂಲೆ ಕೋಣೆ. ಗೋಡೆಗೆ ಕಬ್ಬಿಣದ ಕಪಾಟು. ಅದರ ತುಂಬ ಜನ ಬಿಟ್ಟುಹೋದ ಛತ್ರಿ, ಬೆಲ್ಟು, ಮಗುವಿನ ಒಂಟಿ ಬೂಟು, ಒಂದು ಊರುಗೋಲು. ಊರುಗೋಲನ್ನೇ ಮರೆತು ನಡೆದುಹೋದವನು ಯಾವ ಪವಾಡಪುರುಷನೋ! ಮೇಜಿನ ಹಿಂದೆ ನೆಗಡಿ ಹಿಡಿದ ಇನ್‌ಸ್ಪೆಕ್ಟರ್. ನಡುವಯಸ್ಸಿನ ಹೆಂಗಸು, ಕೆಂಪು ಮೂಗು, ಕೈಯಲ್ಲಿ ಮುದ್ದೆಯಾದ ಕರ್ಚೀಫು.

"ನೀವೊಂದು ಚೀಟಿ ಬರೆದುಕೊಟ್ರೆ ಬಿಡಲ್ವಾ ಮೇಡಂ? ಪಾಸ್‌ಪೋರ್ಟ್ ಕಳೆದಿದೆ ಅಂತ?" ಅಕ್ಕ ಕೇಳಿದಳು.

"ಬರೆದುಕೊಡ್ತೀನಿ. ಆದ್ರೆ ವಿಮಾನದವರು ಒಪ್ಪಲ್ಲ. ಹೊರದೇಶದವರಿಗೆ ಮೂಲ ಪಾಸ್‌ಪೋರ್ಟೇ ಬೇಕು, ಇಲ್ಲ ವಾಸದ ಕಾರ್ಡು ಬೇಕು. ಜೆರಾಕ್ಸ್, ಮೊಬೈಲಿನ ಫೋಟೊ, ಯಾವುದೂ ಆಗಲ್ಲ. ನಿಮ್ಮ ರಾಯಭಾರ ಕಚೇರಿ ಬದಲಿ ಕಾಗದ ಕೊಡಬಹುದು."

"ಇವತ್ತು ಭಾನುವಾರ."

"ಅದೇ ಹೇಳೋಕೆ ಹೊರಟೆ." ಇನ್‌ಸ್ಪೆಕ್ಟರ್ ಸೀನಿ ಮೂಗೊರೆಸಿಕೊಂಡಳು. "ಹಾಗಾಗಿ ಕಳ್ಳನನ್ನೇ ಹಿಡೀಬೇಕು. ಕೊನೇ ಸಲ ಯಾವಾಗ ನೋಡಿದ್ರಿ?"

"ಬೆಳಿಗ್ಗೆ ಸ್ನಾನಕ್ಕೆ ಹೋಗೋ ಮುಂಚೆ. ಪಾಸ್‌ಪೋರ್ಟ್ ಪೌಚಲ್ಲಿತ್ತು. ಕಾರ್ಡು ಪರ್ಸಲ್ಲಿತ್ತು."

"ಚೀಲ ಎಲ್ಲಿತ್ತು?"

"ಮಂಚದ ಮೇಲೆ. ನಮ್ಮ ಕ್ವಾರ್ಟರ್ಸಿನಲ್ಲಿರೋದು ಒಂದೇ ಕೋಣೆ."

"ಆಗ ಆ ಕೋಣೇಲಿ ಯಾರಿದ್ರು?"

ಅಕ್ಕ ಬಾಗಿಲಾಚೆಗೆ ನೋಡಿದಳು. ಬೆಂಚಿನ ಮೇಲೆ ಮೂವರೂ ಸಾಲಾಗಿ ಕೂತಿದ್ದರು. "ಅವರು ಮೂವರೂ" ಎಂದಳು. ಹಾಗೆ ಹೇಳುವಾಗ ಅವಳಿಗೇ ನಾಚಿಕೆಯಾಯಿತು.

"ದಾರೀಲಿ ಎಲ್ಲಾದ್ರೂ ಚೀಲ ಕೈಬಿಟ್ರಾ?"

"ಇಲ್ಲ. ತೊಡೆ ಮೇಲೇ ಇತ್ತು. ನೀರಿನ ಬಾಟಲಿ ತಗೊಳ್ಳೋವಾಗ ಪರ್ಸು ತೆಗೆದೆ. ಖಾನೇಲಿ ಕಾರ್ಡಿನ ಅಂಚು ಕಾಣ್ತು. ಇದೆ ಅಂದ್ಕೊಂಡೆ."

"ಕಂಡಿದ್ದು ಲೈಸೆನ್ಸಿನ ಅಂಚು?"

"ಹೌದು. ಎರಡೂ ಒಂದೇ ಅಳತೆ. ಒಂದೇ ಖಾನೇಲಿ ಬೆನ್ನಿಗೆ ಬೆನ್ನು ಅಂಟಿಕೊಂಡಿರುತ್ತೆ. ಉಗುರು ಹಾಕಿ ಬಿಡಿಸ್ಬೇಕು."

ಇನ್‌ಸ್ಪೆಕ್ಟರ್ ಲೈಸೆನ್ಸನ್ನು ಇಸಿದುಕೊಂಡು ಮೇಜಿನ ಮೇಲಿಟ್ಟಳು. ಅದನ್ನೇ ನೋಡುತ್ತ ಕೂತಳು. ಆಮೇಲೆ ಮೂವರ ಚೀಲಗಳನ್ನೂ ಪೇದೆಯಿಂದ ಬಿಚ್ಚಿಸಿದಳು. ಏನೂ ಸಿಗಲಿಲ್ಲ.

"ಮೈ ತಡವಿ ನೋಡಿ!" ಎಂದಳು ಅಕ್ಕ. ಹೀಗೆ ಮಾತಾಡುತ್ತಿರುವವಳು ತಾನೇನಾ ಎನಿಸಿತು ಅವಳಿಗೆ.

"ಒಬ್ಬರು ನಿಮ್ಮ ಚಿಕ್ಕಪ್ಪ. ಇನ್ನೊಬ್ಬರು ಆಗಲೇ ಕಂಪನಿ ವಕೀಲರ ನಂಬರು ಒತ್ತೋಕೆ ಶುರು ಮಾಡಿದಾರೆ. ಕಾರಣ ಇಲ್ದೆ ಮೈಗೆ ಕೈ ಹಚ್ಚೋಕಾಗಲ್ಲ ಸಿಸ್ಟರ್. ಒಬ್ಬೊಬ್ಬರನ್ನೇ ಕೇಳೋಣ. ನೀವು ಆ ಮೂಲೇಲಿ ಕೂತ್ಕೊಳ್ಳಿ. ಮಧ್ಯೆ ಬಾಯಿ ಹಾಕ್ಬೇಡಿ."

ಮೊದಲು ಚಿಕ್ಕಪ್ಪ ಬಂದರು. ನಿನ್ನೆಯಷ್ಟೇ ಊರಿನಿಂದ ಬಂದಿಳಿದವರು. ಕಣ್ಣು ಬಾತಿತ್ತು.

"ವಿಚಾರಣೆ ಬೇಡ ಅಂತ ನೀವು ಹೇಳಿದ್ರಂತೆ?"

"ಹೇಳಿದೆ. ಯಾಕೆ ಸುಳ್ಳು ಹೇಳ್ಲಿ? ಆಕ್ಷೇಪ ಇಲ್ಲ ಅಂತ ಸಹಿ ಹಾಕೋಕೂ ಒಪ್ಪಿದ್ದೆ. ಕಡತ ಮುಚ್ಚೋವರೆಗೂ ಹುಡುಗನ ದೇಹ ಕೊಡಲ್ಲ ಅಂತಾರಮ್ಮ. ಊರಲ್ಲಿ ಅವನಮ್ಮ ಬಾಗಿಲಲ್ಲೇ ಕೂತಿದ್ದಾಳೆ. ಇವಳಿಗೆ ನ್ಯಾಯ ಬೇಕು, ಅವಳಿಗೆ ಮಗನ ಮುಖ ಬೇಕು. ನಾನು ಯಾರ ಮಾತು ಕೇಳ್ಲಿ?"

"ಬೆಳಿಗ್ಗೆ ಮಂಚದ ಪಕ್ಕ ಕೂತಿದ್ದವರು ನೀವೇ?"

"ಕುರ್ಚಿ ಇದ್ದಿದ್ದು ಅಲ್ಲೊಂದೇ."

"ನೀವು ವಿಮಾನ ಹತ್ತೋವಾಗ ಏನು ತೋರಿಸ್ತೀರಿ?"

ಚಿಕ್ಕಪ್ಪ ಅಂಗಿಯ ಗುಂಡಿ ಬಿಚ್ಚಿ, ಕೊರಳಿಗೆ ದಾರ ಕಟ್ಟಿ ಎದೆಗೆ ನೇತುಹಾಕಿಕೊಂಡಿದ್ದ ಬಟ್ಟೆಚೀಲವನ್ನು ಎಳೆದು ತೋರಿಸಿದರು. "ಇದೇ, ಪಾಸ್‌ಪೋರ್ಟು. ಬೇರೆ ಏನಿದೆ ನನ್ನ ಹತ್ರ?"

"ಮಗಳ ವಾಸದ ಕಾರ್ಡು?"

"ಅದೇನು ಅಂತ ಇವತ್ತೇ ಕೇಳಿದ್ದು ತಾಯಿ."

ಎರಡನೆಯವನು ಮೇಸ್ತ್ರಿ. ಈ ದೇಶದವನೇ. ಚಿಕ್ಕಪ್ಪನನ್ನು ಬರಮಾಡಿಕೊಂಡು ಇಬ್ಬರನ್ನೂ ಬಂದರಿಗೆ ಕರೆತರಲು ಕಂಪನಿ ಕಳಿಸಿತ್ತು. ಕುರ್ಚಿ ಕಿರುಗುಟ್ಟುವಂತೆ ಕೂತ.

"ಹುಡುಗ ಒಬ್ಬನೇ ಒಳಗಿಳಿದ ಅಂತ ಬರೆದುಕೊಟ್ಟವರು ನೀವು?"

"ಬರೆದೆ. ಟ್ಯಾಂಕಿನೊಳಗೆ ಒಬ್ಬ ಇಳಿದ್ರೆ ಬಾಯಲ್ಲಿ ಇನ್ನೊಬ್ಬ ಕಾವಲಿರ್ಬೇಕು, ಅದು ನಿಯಮ. ಕಾವಲಿನವನ ಪಾಳಿ ಶುರುವಾಗೋ ಮುಂಚೆನೇ ಇವನು ಇಳಿದುಬಿಟ್ಟಿದ್ದ."

"ನೀವು ಕಣ್ಣಾರೆ ನೋಡಿದ್ರಾ?"

"ಇಲ್ಲ. ಕಾವಲಿನವನೇ ಹೇಳಿದ."

"ವಿಚಾರಣೆ ಮತ್ತೆ ಶುರುವಾದ್ರೆ ನಿಮ್ಮ ಕುತ್ತಿಗೆಗೆ ಬರುತ್ತೆ?"

ಮೇಸ್ತ್ರಿಯ ಮುಖ ಕಪ್ಪಿಟ್ಟಿತು. "ಬರುತ್ತೆ. ಅದಕ್ಕೆ ಹೆಂಗಸರ ಪರ್ಸಿಗೆ ಕೈ ಹಾಕ್ತೀನಾ? ನನ್ನ ಏನು ಅಂತ ತಿಳಿದಿದ್ದೀರಿ?"

"ಸಿಟ್ಟಿನವರು ಅಂತ. ಅಷ್ಟು ಮಾತ್ರ ಇಡೀ ನಿಲ್ದಾಣಕ್ಕೆ ಗೊತ್ತಾಗಿದೆ. ನೀವು ವಿಮಾನ ಹತ್ತೋವಾಗ ಏನು ತೋರಿಸ್ತೀರಿ?"

"ಲೈಸೆನ್ಸ್! ಆಗಿನಿಂದ ಅದನ್ನೇ ಬಡ್ಕೋತಿದೀನಿ. ಇವರಿಗೆ ಯಾಕೆ ಆಗಲ್ಲ ಅಂತ ನಂಗಿನ್ನೂ ಅರ್ಥ ಆಗಿಲ್ಲ."

ಕೊನೆಗೆ ಕಡ್ಡಿ. ತಮ್ಮನೇ ಇಟ್ಟ ಅಡ್ಡಹೆಸರು ಅದು. ಆಳು ಹಾಗೇ ಇದ್ದ. ಯಾರ್ಡಿನಲ್ಲಿ ತಮ್ಮನ ಕೋಣೆಯಲ್ಲೇ ಇದ್ದವನು, ಅಕ್ಕನ ನಾಡಿನವನೇ. ತಮ್ಮನ ಬಟ್ಟೆಬರೆ ತುಂಬಿದ ಪೆಟ್ಟಿಗೆಯನ್ನು ರೈಲಿನಲ್ಲಿ ತಂದು ಕೊಟ್ಟು, ಹೊಸಿಲಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತಿದ್ದ. ಸಾವಿನ ಸುದ್ದಿ ಬಂದಾಗಲೂ ಅಳದಿದ್ದ ಅಕ್ಕ, ಅವನು ಅತ್ತದ್ದು ನೋಡಿ ಅತ್ತಿದ್ದಳು. ಈ ಮೂವರಲ್ಲಿ ಅವಳಿಗೆ ತನ್ನವನೆನಿಸಿದ್ದವನು ಅವನೊಬ್ಬನೇ.

"ಕಾವಲಿನ ಪಾಳಿ ನಿಂದೇನಾ?"

"ಹೌದು ಮೇಡಂ. ನಾನು ಹೋಗೋ ಹೊತ್ತಿಗೆ ಹೊಗೆ ಬರ್ತಿತ್ತು."

"ನಾಳೆ ವಿಚಾರಣೆಗೆ ಹೋಗಲ್ವಾ?"

"ನನ್ನ ಹೇಳಿಕೆ ಆಗಲೇ ಬರ್ಕೊಂಡಿದಾರೆ. ಇವರನ್ನ ಬೀಳ್ಕೊಟ್ಟು ರೈಲಿಗೆ ಹೋಗ್ತೀನಿ."

"ನಿನ್ನ ಪಾಸ್‌ಪೋರ್ಟ್?"

"ಕಂಪನಿಯವರ ಬೀರುವಿನಲ್ಲಿದೆ. ಯಾರ್ಡಿನವರದ್ದೆಲ್ಲ ಅಲ್ಲೇ. ನಮ್ಮ ಹತ್ರ ವಾಸದ ಕಾರ್ಡು ಮಾತ್ರ."

"ಅದನ್ನ ತೋರಿಸಿ ವಿಮಾನ ಹತ್ತಿದ್ದೀಯಾ?"

"ಈ ದೇಶದೊಳಗೆ ನಾನು ವಿಮಾನ ಹತ್ತೇ ಇಲ್ಲ ಮೇಡಂ." ಕಡ್ಡಿ ಮೇಜಿನ ಮೇಲಿದ್ದ ಲೈಸೆನ್ಸನ್ನು ನೋಡಿದ. ನೋಡಿ, ಕಣ್ಣು ಬೇರೆ ಕಡೆ ಹೊರಳಿಸಿದ.

ಇನ್‌ಸ್ಪೆಕ್ಟರ್ ಉಳಿದಿಬ್ಬರನ್ನೂ ಒಳಗೆ ಕರೆದಳು. ಪೇದೆ ಬಾಗಿಲು ಹಾಕಿದ. ಮೇಲೆ ಎಸ್ಕಲೇಟರು ಗರಗರ ಎನ್ನುತ್ತಿತ್ತು.

"ಏನು ಹೋಗಿದೆ ಅಂತ ಎಲ್ರೂ ಹುಡುಕ್ತಿದ್ದೀರಿ" ಎಂದಳು. "ಏನು ಉಳಿದಿದೆ ಅಂತ ಯಾರೂ ನೋಡ್ಲಿಲ್ಲ. ಇದು ಉಳಿದಿದೆ." ಬೆರಳ ತುದಿಯಿಂದ ಲೈಸೆನ್ಸನ್ನು ಮುಂದೆ ತಳ್ಳಿದಳು.

"ಲೈಸೆನ್ಸ್ ಯಾರಿಗೆ ಬೇಕು ಮೇಡಂ?" ಎಂದ ಮೇಸ್ತ್ರಿ.

"ನಿಮಗೆ! ಸಿಸ್ಟರನ್ನ ತಡೀಬೇಕು ಅಂತ ನೀವು ಪರ್ಸಿಗೆ ಕೈ ಹಾಕಿದ್ರೆ ಮೊದಲು ತೆಗೀತಿದ್ದಿದ್ದು ಲೈಸೆನ್ಸನ್ನೇ. ಅದಿದ್ರೆ ಹೋಗಿಬಿಡ್ತಾರೆ ಅಂತ ನೀವು ಪ್ರಾಣ ಹೋದ್ರೂ ನಂಬ್ತೀರಿ. ಮೇಲ್ವಿಚಾರಕ ನಿಮ್ಮ ಬೈಗುಳ ಇನ್ನೂ ಮರೆತಿಲ್ಲ. ಅಂಥವರು ಅದನ್ನ ಖಾನೇಲೇ ಬಿಟ್ಟು ಬರ್ತೀರಾ?"

ಇನ್‌ಸ್ಪೆಕ್ಟರ್ ಚಿಕ್ಕಪ್ಪನ ಕಡೆ ನೋಡಿದಳು.

"ಚಿಕ್ಕಪ್ಪ ಆಗಿದ್ರೆ ಪಾಸ್‌ಪೋರ್ಟೊಂದನ್ನೇ ತೆಗೀತಿದ್ರು. ವಾಸದ ಕಾರ್ಡು ಅಂತ ಒಂದಿದೆ ಅನ್ನೋದೇ ಅವರಿಗೆ ಗೊತ್ತಿಲ್ಲ. ಕಾರ್ಡು ಹುಡುಕೋವಾಗ 'ಕಾರ್ಡು ಗೀರ್ಡು ಅಂತ ಏನು ಹುಡುಕ್ತಿದ್ದೀಯ' ಅಂತ ಕೌಂಟರಿನ ಮುಂದೇನೇ ಕೇಳಿದ್ರಂತೆ. ಪೌಚಿನಲ್ಲಿ ಪಾಸ್‌ಪೋರ್ಟ್ ಸಿಕ್ಕಿದ ಮೇಲೆ ಅವರು ಪರ್ಸು ಯಾಕೆ ಬಿಚ್ತಾರೆ?"

"ಏನೂ ಗೊತ್ತಿಲ್ದ ಕಳ್ಳ ಆಗಿದ್ರೆ?" ಅಕ್ಕ ಮೆಲ್ಲಗೆ ಕೇಳಿದಳು. ಉತ್ತರ ಎತ್ತ ಹೋಗುತ್ತಿದೆಯೆಂದು ಅವಳಿಗೆ ಹೊಳೆಯತೊಡಗಿತ್ತು. ಹೊಳೆಯದಿದ್ದರೆ ಚೆನ್ನಾಗಿತ್ತು.

"ಏನೂ ಗೊತ್ತಿಲ್ದವನು ಮೂರನ್ನೂ ತಗೊಂಡು ಹೋಗ್ತಿದ್ದ ಸಿಸ್ಟರ್, ಯಾವುದಕ್ಕೂ ಇರಲಿ ಅಂತ. ಈ ಕಳ್ಳ ಹಾಗೆ ಮಾಡ್ಲಿಲ್ಲ. ಅಂಟಿಕೊಂಡಿದ್ದ ಎರಡು ಕಾರ್ಡನ್ನ ಉಗುರು ಹಾಕಿ ಬಿಡಿಸಿದ. ಒಂದನ್ನ ಇಟ್ಕೊಂಡ. ಇನ್ನೊಂದನ್ನ ವಾಪಸ್ ಅದೇ ಖಾನೇಲಿ ಇಟ್ಟ, ಅಂಚು ಕಾಣೋ ಹಾಗೆ. ಖಾನೆ ಬರಿದಾಗಿದ್ರೆ ನೀವು ನೀರಿನ ಬಾಟಲಿ ತಗೊಳ್ಳೋವಾಗಲೇ ಕಂಡುಹಿಡೀತಿದ್ರಿ, ಮನೆಗೆ ಓಡ್ತಿದ್ರಿ. ಲೈಸೆನ್ಸ್ ಬಿಟ್ರೂ ಮೋಸ ಇಲ್ಲ, ಅದು ಇಲ್ಲಿ ಕೆಲಸಕ್ಕೆ ಬರಲ್ಲ. ಅಷ್ಟು ಖಾತ್ರಿ ಇತ್ತು ಅವನಿಗೆ. ನಿಮಗೇ ಅದು ಗೊತ್ತಿರ್ಲಿಲ್ಲ. ಮೇಸ್ತ್ರಿಗೆ ಇನ್ನೂ ಗೊತ್ತಾಗಿಲ್ಲ. ಹಾಗಾದ್ರೆ ಯಾರಿಗೆ ಗೊತ್ತಿರುತ್ತೆ?"

ಇನ್‌ಸ್ಪೆಕ್ಟರ್ ಲೈಸೆನ್ಸನ್ನು ಕೈಗೆತ್ತಿಕೊಂಡಳು.

"ಒಂದು ದಿನ ಬರೀ ಲೈಸೆನ್ಸ್ ಹಿಡ್ಕೊಂಡು ಈ ಥರದ ಕೌಂಟರಿಗೆ ಬಂದು ವಾಪಸ್ ಹೋದ ಒಬ್ಬ ಹೊರದೇಶದವನಿಗೆ." ಇನ್‌ಸ್ಪೆಕ್ಟರ್ ಕಡ್ಡಿಯ ಕಡೆ ತಿರುಗಿದಳು. ದನಿಯಲ್ಲಿ ಗದರಿಕೆ ಇರಲಿಲ್ಲ. "ವಿಮಾನ ಹತ್ತೇ ಇಲ್ಲ ಅಂದೆಯಲ್ಲಪ್ಪ, ಅದು ಸುಳ್ಳಲ್ಲ. ಹತ್ತೋಕೆ ಬಂದಿದ್ದೆ. ಬಿಡಲಿಲ್ಲ. ಅಲ್ವಾ?"

ಕಡ್ಡಿ ಬಗ್ಗಿ, ಪ್ಯಾಂಟಿನ ಕಾಲು ಮೇಲೆತ್ತಿ, ಉದ್ದನೆಯ ಕಾಲುಚೀಲದೊಳಗೆ ಕೈ ಹಾಕಿದ. ಪಾಸ್‌ಪೋರ್ಟ್ ಹೊರಬಂತು. ಕಾಲಿನ ಬಾಗಿಗೆ ಬಾಗಿತ್ತು. ಅದರ ಹಾಳೆಗಳ ನಡುವೆ ವಾಸದ ಕಾರ್ಡು. ಎರಡನ್ನೂ ಅಂಗಿಗೆ ಒರೆಸಿ ಮೇಜಿನ ಮೇಲಿಟ್ಟ.

"ಅಪ್ಪ ಹೋದಾಗ" ಎಂದ. "ಪಾಸ್‌ಪೋರ್ಟ್ ಏಜೆಂಟನ ಕೈಲಿ ಕೊಟ್ಟಿದೀವಿ, ಈ ಊರಿಗೆ ಬಂದು ಇಸ್ಕೋ, ಇಲ್ಲಿಂದ ನಮ್ಮ ನಾಡಿನ ದೊಡ್ಡ ವಿಮಾನ ಹತ್ತು ಅಂದ್ರು ಕಂಪನಿಯವರು. ಕಾರ್ಡು ನವೀಕರಣಕ್ಕೆ ಕೊಟ್ಟಿದ್ದೆ. ಕೈಲಿದ್ದಿದ್ದು ಲೈಸೆನ್ಸ್ ಮಾತ್ರ. ಬಂದರಿನ ವಿಮಾನದ ಕೌಂಟರಲ್ಲಿ ಕಾಲು ಹಿಡ್ಕೊಂಡೆ. ಬಿಡ್ಲಿಲ್ಲ. ರೈಲಲ್ಲಿ ಬರೋ ಹೊತ್ತಿಗೆ ದೊಡ್ಡ ವಿಮಾನ ಹೋಗಿತ್ತು. ಅಪ್ಪನ ಮುಖ ನೋಡ್ಲಿಲ್ಲ."

"ಅಷ್ಟೆಲ್ಲ ಅನುಭವಿಸಿ ನನಗೆ ಅದನ್ನೇ ಮಾಡಿದ್ಯಾ?" ಅಕ್ಕ ಎದ್ದು ನಿಂತಿದ್ದಳು. "ಯಾಕೋ? ನಾನೇನು ಮಾಡಿದ್ದೆ ನಿಂಗೆ?"

"ನೀವು ಬಂದ್ರೆ ಕಾವಲಿಗೆ ಯಾರಿದ್ದರು ಅಂತ ಕೇಳ್ತೀರಿ ಅಕ್ಕ. ನಿನ್ನೆಯೆಲ್ಲ ಅದನ್ನೇ ಕೇಳ್ತಿದ್ರಿ." ಅವನು ತಲೆ ತಗ್ಗಿಸಿದ. "ಪಾಳಿ ಶುರುವಾಗಿತ್ತು. ಅವನು ನನ್ನ ಕೇಳಿಯೇ ಇಳಿದ. ಊರಿಂದ ಫೋನ್ ಬಂತು. ಹಡಗಿನ ಒಳಗೆ ಸಿಗ್ನಲ್ ಸಿಗಲ್ಲ. ಈಗ ಬಂದೆ ಕಣೋ ಅಂತ ಅವನಿಗೆ ಕೂಗಿ ಹೇಳಿ ಮೇಲಿನ ಡೆಕ್ಕಿಗೆ ಹೋದೆ. ಮಗಳು ಮಾತಾಡ್ತಿದ್ಲು. ನಿಂತುಬಿಟ್ಟೆ."

"ನಂಗೆ ಹಾಗೆ ಹೇಳ್ಲಿಲ್ವಲ್ಲೋ ನೀನು!" ಮೇಸ್ತ್ರಿ ಹಣೆ ಹಣೆ ಚಚ್ಚಿಕೊಂಡ. "ಅವನೇ ಮುಂಚೆ ಇಳಿದ ಅಂದ್ಯಲ್ಲೋ! ನಾನೂ ಅದನ್ನೇ ಬರೆದೆ—"

"ನಿಮಗೂ ಅದು ಅನುಕೂಲವಾಗಿತ್ತು" ಎಂದಳು ಇನ್‌ಸ್ಪೆಕ್ಟರ್.

"ಚಿಕ್ಕಪ್ಪ ಕೂತಲ್ಲೇ ತೂಕಡಿಸ್ತಿದ್ರು, ಮೇಸ್ತ್ರಿ ಟ್ಯಾಕ್ಸಿ ಕರೆಯೋಕೆ ಹೋಗಿದ್ರು, ಆಗ ತೆಗೆದೆ. ಪಾಸ್‌ಪೋರ್ಟ್ ಬಿಸಾಕೋಕೆ ಮನಸ್ಸು ಬರ್ಲಿಲ್ಲ ಅಕ್ಕ. ನಾಡಿದ್ದು ಅಂಚೆಗೆ ಹಾಕೋಣ ಅಂತಿದ್ದೆ" ಎಂದ ಕಡ್ಡಿ.

ಅಕ್ಕನ ಕೈ ಎದ್ದಿತ್ತು. ಹೊಡೆದೇಬಿಡುತ್ತಿದ್ದಳು. ಆದರೆ ಅವಳು ಸಾಯುವವರ ಪಕ್ಕದಲ್ಲಿ ಕೂತು ಅಭ್ಯಾಸವಿದ್ದವಳು. ತಮ್ಮನ ಸುದ್ದಿ ಬಂದಂದಿನಿಂದ ಅವಳ ಎದೆಯನ್ನು ಕೊರೆಯುತ್ತಿದ್ದದ್ದು ಒಂದೇ ಒಂದು ಪ್ರಶ್ನೆ. ಕೈ ಇಳಿಸಿ ಅದನ್ನು ಕೇಳಿದಳು.

"ಅವನು ಕೂಗಿದ್ನಾ?"

ಕಡ್ಡಿ ತಲೆಯೆತ್ತಿ ಅವಳನ್ನು ನೋಡಿದ.

"ಗೊತ್ತಿಲ್ಲ ಅಕ್ಕ. ನಾನು ಅಲ್ಲಿದ್ದಿದ್ರೆ ತಾನೆ ಗೊತ್ತಾಗೋದು."

ಚಿಕ್ಕಪ್ಪ ಗೋಡೆಗೆ ಮುಖ ಮಾಡಿ ಅಳತೊಡಗಿದರು. ಇನ್‌ಸ್ಪೆಕ್ಟರ್ ಕರ್ಚೀಫನ್ನು ಮೂಗಿಗೆ ಒತ್ತಿ ಹಿಡಿದಳು. ಎಷ್ಟು ನೆಗಡಿ, ಎಷ್ಟು ಬೇರೆ ಏನೋ, ಹೇಳುವುದು ಕಷ್ಟ.

"ದೂರು ಕೊಡಿ ಸಿಸ್ಟರ್" ಎಂದಳು ಕೊನೆಗೆ. "ಈಗಲೇ ಒಳಗೆ ಹಾಕ್ತೀನಿ."

"ಇಲ್ಲಿ ಒಳಗೆ ಹಾಕಿದ್ರೆ ನಾಳೆ ಅಲ್ಲಿ ಯಾರು ಹೇಳ್ತಾರೆ ಮೇಡಂ? ಅವನು ಹೇಳದೆ ಇಳಿಯಲಿಲ್ಲ, ಕೇಳಿಯೇ ಇಳಿದ ಅಂತ?" ಅಕ್ಕ ಕಣ್ಣೊರೆಸಿಕೊಂಡಳು. "ದೂರು ಕೊಡ್ತೀನಿ. ಖಂಡಿತ ಕೊಡ್ತೀನಿ. ಆದರೆ ನಾಳೆ ಆದ್ಮೇಲೆ."

ಇನ್‌ಸ್ಪೆಕ್ಟರ್ ಕಡ್ಡಿಯ ಮಾತನ್ನೆಲ್ಲ ಬರೆಸಿ ಸಹಿ ಹಾಕಿಸಿಕೊಂಡಳು. ಬಂದರಿನ ಪೊಲೀಸರಿಗೆ ಫೋನು ಮಾಡಿ, ವಿಮಾನ ಇಳಿಯುವಲ್ಲಿಗೇ ಬಂದು ಅವನನ್ನು ವಶಕ್ಕೆ ತೆಗೆದುಕೊಂಡು ವಿಚಾರಣೆಗೆ ಹಾಜರುಪಡಿಸಬೇಕೆಂದು ಹೇಳಿದಳು. ಜೊತೆಗೆ ಒಬ್ಬ ಪೇದೆಯನ್ನೂ ಹೊರಡಿಸಿದಳು. ಚಿಕ್ಕಪ್ಪ, "ನಾನು ಯಾವ ಕಾಗದಕ್ಕೂ ಸಹಿ ಹಾಕಲ್ಲ ಮಗಳೇ, ಅತ್ತಿಗೆಗೆ ನಾನೇ ಹೇಳ್ಕೋತೀನಿ" ಎಂದು ಕಡ್ಡಿಯ ಟಿಕೆಟ್ಟನ್ನು ತಾವೇ ತರಲು ಹೋದರು.

ಸಂಜೆಯ ಸಾಲು ಚಿಕ್ಕದಾಗಿತ್ತು. ಅಕ್ಕ ಬಾಗಿದ ಪಾಸ್‌ಪೋರ್ಟನ್ನು ಕೊಟ್ಟಳು. ಅವಳ ಹಿಂದಿನಿಂದ ಕಡ್ಡಿ ತನ್ನ ವಾಸದ ಕಾರ್ಡನ್ನು ಕಟ್ಟೆಯ ಮೇಲಿಟ್ಟ. ಕೌಂಟರಿನಲ್ಲಿ ಬೆಳಗಿನ ಹುಡುಗಿಯೇ ಇದ್ದಳು. ಎರಡನ್ನೂ ನೋಡಿ, ಒಂದೇ ನಾಡಿನವರೆಂದು ತಿಳಿದು, ಈ ಸಲ ಸ್ವಲ್ಪ ಮೆತ್ತಗೆ ಕೇಳಿದಳು.

"ಸಿಕ್ತಲ್ಲ, ಒಳ್ಳೇದಾಯ್ತು ಮೇಡಂ. ಇವರು ನಿಮ್ಮ ತಮ್ಮನಾ?"

"ಅಲ್ಲ" ಎಂದಳು ಅಕ್ಕ. "ಸಾಕ್ಷಿ. ನನ್ನ ಪಕ್ಕದಲ್ಲೇ ಸೀಟು ಕೊಡಿ."